ಪೀಕಣ್ಣ ಕಂಡ ವಿಷ

ಮೊಸರಲ್ಲಿ ಕಲ್ಲು ಹುಡುಕುವವರು ಎಲ್ಲ ಕಡೆಯೂ ಇರುತ್ತಾರೆ. ಪೀಕಣ್ಣ ಅವರಿಗಿಂತ ಒಂದು ಕೈ ಮೇಲು. ಕಲ್ಲು ಸಿಕ್ಕಿತೆಂದು ಮೊದಲು ಸಾರಿ, ಆಮೇಲೆ ಮೊಸರು ತರಿಸುವವನು. ಮಗು ಸೀನಿದರೆ ದೊಡ್ಡ ಕಾಯಿಲೆಯ ಹೆಸರು ಹೇಳುತ್ತಿದ್ದ. ನೆಂಟರ ಮನೆಯ ಹಾಲನ್ನು ಮೂಸಿ ಮೂಗು ಮುರಿಯುತ್ತಿದ್ದ. ಇಂಥವನಿಗೆ ದೇವರು ಸರ್ಕಾರಿ ಪ್ರಯೋಗಾಲಯದಲ್ಲಿ ಕೆಲಸ ಕೊಟ್ಟ. ಕಂಪ್ಯೂಟರಿನ ಗೆರೆ ಚೂರು ತಲೆಯೆತ್ತಿದರೂ "ಪೀಕು ಬಂತು" ಎಂದು ಕಾರಿಡಾರಿನ ತುಂಬ ಓಡಾಡುತ್ತಿದ್ದ. ಹೆಸರು ಬಂದದ್ದು ಹಾಗೆ.

ಅವನ ಯಂತ್ರದೊಳಗೆ ಕೂದಲೆಳೆಯಂಥ ಗಾಜಿನ ಕೊಳವೆ. ಅದಕ್ಕೆ ಚೂರು ನೀರು ಹೀರಿಸಿ ಎರಡು ತುದಿಗೂ ವಿದ್ಯುತ್ ಕೊಟ್ಟರೆ, ನೀರಲ್ಲಿ ಕರಗಿದ್ದೆಲ್ಲ ತನ್ನ ತನ್ನ ವೇಗದಲ್ಲಿ ಓಡಿ ಬೇರೆ ಬೇರೆಯಾಗುತ್ತದೆ. ಒಂದೊಂದು ಬಂದಾಗಲೂ ಗೆರೆ ಏಳುತ್ತದೆ. ನರಗಳನ್ನು ಕೆಡಿಸಿ ಕೊಲ್ಲುವ ಯುದ್ಧವಿಷ ನೀರಿಗೆ ಬಿದ್ದರೆ ಒಡೆದುಹೋಗುತ್ತದೆ, ಅದರ ಚೂರು ಮಾತ್ರ ವರ್ಷಗಟ್ಟಲೆ ಉಳಿಯುತ್ತದೆ. ಆ ಚೂರನ್ನು ಹಿಡಿಯುವುದು ಪೀಕಣ್ಣನ ಕೆಲಸ. ಒಂದು ಪರೀಕ್ಷೆ ಮುಗಿದ ಮೇಲೆ, ಇನ್ನೊಂದಕ್ಕೆ ಮುಂಚೆ, ಕೊಳವೆಯನ್ನು ಚೆನ್ನಾಗಿ ತೊಳೆಯಬೇಕು. ಆದರೆ ತೊಳೆಯುವುದು, ಅವನ ಪ್ರಕಾರ, ಪಾತ್ರೆ ಉಜ್ಜುವವರ ಕೆಲಸ.

ಹಳೆಯ ಮದ್ದುಗುಂಡಿನ ಉಗ್ರಾಣದ ಪಕ್ಕದ ಬೀದಿಯಿಂದ ಒಮ್ಮೆ ಬಾವಿ ನೀರು ಬಂತು. ಹೆಂಡತಿಯ ಅಕ್ಕನ ಮನೆ ಇದ್ದದ್ದೂ ಆ ಬೀದಿಯಲ್ಲೇ. ಪೀಕಣ್ಣ ಮೊದಲು, ಹೋಲಿಸಿ ನೋಡಲು ಇಟ್ಟಿದ್ದ ಆ ಚೂರಿನ ದ್ರಾವಣವನ್ನು ಓಡಿಸಿದ. ತೊಳೆಯದೆ ಅದರ ಬೆನ್ನಿಗೇ ಬಾವಿ ನೀರು ಬಿಟ್ಟ. ಗೆರೆ ಎದ್ದಿತು. ಅವನೂ ಎದ್ದ.

ಬಾವಿಯಲ್ಲಿ ವಿಷವೆಂಬ ಸುದ್ದಿಗೆ ಸಂಜೆಯೊಳಗೆ ಬೀದಿ ಖಾಲಿಯಾಯಿತು. ಅತ್ತಿಗೆ ಮತ್ತು ಷಡ್ಡಕ ಗಂಟುಮೂಟೆ ಸಮೇತ ಅವನ ನಡುಮನೆಗೆ ಬಂದಿಳಿದರು. ಊಟಕ್ಕೆ ಕೂತಾಗಲೆಲ್ಲ ಪೀಕಣ್ಣ ಆ ಚೂರಿನ ಹಟಮಾರಿತನವನ್ನು ಬಣ್ಣಿಸಿದ. ಮೊಮ್ಮಕ್ಕಳ ಕಾಲಕ್ಕೂ ಅದು ಹೋಗುವಂಥದ್ದಲ್ಲ ಎಂದ. ಅತ್ತಿಗೆ ತುತ್ತನ್ನು ಕೈಯಲ್ಲೇ ಹಿಡಿದು ಕೇಳುತ್ತಿದ್ದಳು. ಹುಟ್ಟಿದ ಮೇಲೆ ತನ್ನದೆಂದು ಅವಳು ಕಂಡದ್ದು ಆ ಪುಟ್ಟ ಮನೆ ಒಂದನ್ನೇ.

ಮರುವಾರ, ಅವನಷ್ಟೇ ಓದಿದ್ದ ಸಹೋದ್ಯೋಗಿಯೊಬ್ಬಳು ಅದೇ ನೀರನ್ನು ಮತ್ತೆ ಪರೀಕ್ಷಿಸಿದಳು. ಏನೂ ಕಾಣಲಿಲ್ಲ.

"ಸರ್, ಮಧ್ಯದಲ್ಲಿ ಕೊಳವೆ ತೊಳೆದಿದ್ರಾ?"

ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಪೀಕಣ್ಣ ಯಂತ್ರವನ್ನು ಬೈದ, ಕರೆಂಟನ್ನು ಬೈದ, ನೀರು ತುಂಬಿಸಿ ಕಳಿಸಿದವರ ಬಾಟಲಿಯನ್ನೂ ಬಿಡಲಿಲ್ಲ. ಅವಳು ಅವನೆದುರಿಗೇ ದ್ರಾವಣ ಓಡಿಸಿ, ತೊಳೆಯದೆ ಬರೀ ಶುದ್ಧ ನೀರು ಬಿಟ್ಟಳು. ಅದರಲ್ಲೂ ಅದೇ ಗೆರೆ. ನೀರು ಚೆನ್ನಾಗಿದೆ, ಜನ ಮನೆಗೆ ಮರಳಬಹುದು ಎಂದು ಅವಳ ವರದಿ ಹೋಯಿತು.

ಪೀಕಣ್ಣ ಮನೆಯಲ್ಲಿ ಚಪ್ಪಲಿ ಬಿಡುತ್ತಲೇ, ವಿಷ ಹೋಗಿದೆಯಂತೆ, ವರದಿ ಬಂದಿದೆ, ನಾಳೆ ಹೊರಡಬಹುದು ಎಂದ.

"ವರ್ಷಗಟ್ಟಲೆ ಹೋಗಲ್ಲ ಅಂದಿದ್ರಲ್ಲ?" ಎಂದಳು ಅತ್ತಿಗೆ.

"ಒಂದೊಂದ್ಸಲ ಹೋಗುತ್ತೆ ಅತ್ತಿಗೆ."

"ನಮಗಿನ್ನೂ ಬೇರೆ ಮನೆ ಸಿಕ್ಕಿಲ್ಲ, ನಿಮ್ಮ ವಿಷಕ್ಕೆ ಆಗಲೇ ಸಿಕ್ತೇನ್ರೀ?" ಎಂದ ಷಡ್ಡಕ.

ಅತ್ತಿಗೆ ನಗಲಿಲ್ಲ. "ಯಾರದೋ ಕಾಗದ ನಂಗೆ ಬೇಡ. ನೀವು ಹೇಳಿ. ವಿಷ ಇತ್ತಾ, ಇರ್ಲೇ ಇಲ್ವಾ?"

ಹೆಂಡತಿಗೆ ಗಂಡನ ಮುಖ ಓದಲು ಯಂತ್ರ ಬೇಕಿರಲಿಲ್ಲ. "ತಪ್ಪಾಗಿದ್ರೆ ತಪ್ಪಾಯ್ತು ಅಂದ್ಬಿಡಿ. ನಮ್ಮಕ್ಕ ಮನೆಗೆ ಹೋಗ್ಲಿ," ಎಂದಳು ಮೆಲ್ಲಗೆ.

ಊರಿಗೆಲ್ಲ ಕೇಳುವಂತೆ ಸಾರುತ್ತಿದ್ದವನು ಬಿಟ್ಟ ಚಪ್ಪಲಿಯನ್ನು ಸರಿಮಾಡಿ ಇಟ್ಟ. "ಇನ್ನೊಂದು ಪರೀಕ್ಷೆ ಆಗ್ಲಿ, ನೋಡೋಣ," ಎಂದ ಪೀಕಣ್ಣ. ಅಂದರೆ ಇದ್ದರೂ ಇರಬಹುದು ಎಂದು ಅತ್ತಿಗೆ ತಿಳಿದಳು. ಕಟ್ಟತೊಡಗಿದ್ದ ಗಂಟನ್ನು ಬಿಚ್ಚಿದಳು.

ಬೆಳಿಗ್ಗೆ ಷಡ್ಡಕ, ತಾನು ಆ ಬಾವಿ ನೀರನ್ನೇ ಕುಡಿಯುವುದಾಗಿ ಹೇಳಿ ಒಬ್ಬನೇ ಹೊರಟುಹೋದ. ಗಂಡ ವಿಷ ಕುಡಿಯಲು ಹೋದನೆಂದು ಅತ್ತಿಗೆ ನಡುಮನೆಯಲ್ಲಿ ಕೂತು ಅಳತೊಡಗಿದಳು. ಪೀಕಣ್ಣ ಕೋಣೆಯಿಂದ ಬಂದು, ಅವಳತ್ತ ನೋಡದೆ, ಟಿವಿಯ ಸದ್ದನ್ನು ತುಸು ಜೋರು ಮಾಡಿದ.