ಇಳಿಯೋರಿಲ್ಲ, ರೈಟ್

ನನ್ನ ಯಜಮಾನರು ಈಗ ನಿವೃತ್ತರು. ಪಕ್ಕದ ಕೋಣೆಯಲ್ಲಿ ರೇಡಿಯೊ ಹಚ್ಚಿಕೊಂಡು ನಿದ್ದೆ ಹೊಡೆಯುತ್ತಿದ್ದಾರೆ. ಕೇಳಿದರೆ ಕಣ್ಣು ಮುಚ್ಚಿ ಕೇಳುತ್ತಿದ್ದೆ ಅನ್ನುತ್ತಾರೆ. ಹದಿನಾಲ್ಕನೇ ನಂಬರಿನ ಬಸ್ಸನ್ನು ಮೂವತ್ತು ವರ್ಷ ಓಡಿಸಿದ ಮನುಷ್ಯ. ಮದುವೆಯಾದ ಹೊಸದರಲ್ಲಿ ಊಟಕ್ಕೆ ಕೂತಾಗಲೂ ಅವರ ಎಡಗೈ ಗೇರು ಹುಡುಕುತ್ತಿತ್ತು.

ನಾನು ಮನೆಯಲ್ಲೇ ಹೊಲಿಗೆ ಮಷಿನ್ ಇಟ್ಟುಕೊಂಡವಳು. ವರ್ಷಕ್ಕೊಮ್ಮೆ ಅವರ ಖಾಕಿ ಪ್ಯಾಂಟಿನ ಸೊಂಟ ಬಿಚ್ಚಿ ಅಗಲ ಮಾಡುವುದು ನನ್ನ ಪಾಲಿನ ಕೆಲಸ. ಅವರಿಗೆ ನಲವತ್ತೇಳು ತುಂಬುವ ಹೊತ್ತಿಗೆ ಒಳಗೆ ಮಡಚಿಟ್ಟ ಬಟ್ಟೆಯೇ ಮುಗಿದುಹೋಗಿತ್ತು.

"ಇನ್ನು ಪ್ಯಾಂಟ್ ಬಿಡೋಕಾಗಲ್ಲ ರೀ, ನಿಮ್ಮನ್ನೇ ಹಿಡಿದು ಹೊಲೀಬೇಕು" ಎಂದೆ.

ಅವರು ನಗಲಿಲ್ಲ. ಆವತ್ತೇ ಡಿಪೋದ ಡಾಕ್ಟರು ಕಡ್ಡಿ ಮುರಿದಂತೆ ಹೇಳಿ ಕಳಿಸಿದ್ದರು. ಮೂರು ತಿಂಗಳು ಗಡುವು. ಡಿಪೋ ಅಂಗಳವನ್ನು ನಿಲ್ಲದೆ ಹತ್ತು ಸುತ್ತು ಓಡಿ ತೋರಿಸಬೇಕು. ಆಗದಿದ್ದರೆ ಸ್ಟೀರಿಂಗ್ ಬಿಟ್ಟು ಗೇಟಿನ ಪಕ್ಕದ ಕುರ್ಚಿ.

"ಗೇಟಲ್ಲಿ ಕೂತ್ಕೊಂಡು, ಇನ್ಯಾರೋ ನನ್ ಬಸ್ ತಗೊಂಡ್ ಹೋಗೋದನ್ನ ನೋಡ್ಬೇಕಂತೆ" ಎಂದರು. ಆ ದನಿಯನ್ನು ನಾನು ಅವರ ತಾಯಿ ತೀರಿಕೊಂಡ ದಿನ ಬಿಟ್ಟರೆ ಕೇಳಿರಲಿಲ್ಲ.

ಆಗ ನಮ್ಮ ಮನೆಯಲ್ಲಿ ಸ್ಟೆಪ್ನಿ ಇತ್ತು. ಡಿಪೋದಲ್ಲಿ ಬಸ್ಸಿನ ಸ್ಟೆಪ್ನಿ ಟಯರಿನ ಒಳಗೆ ಮುದುಡಿ ಮಲಗಿದ್ದ ನಾಯಿಮರಿಯನ್ನು ಇವರು ಶರಟಿನೊಳಗೆ ಬಚ್ಚಿಟ್ಟುಕೊಂಡು ತಂದಿದ್ದರು. ನಾನು ಒಂದು ವಾರ ಮುಖ ಗಂಟು ಹಾಕಿಕೊಂಡಿದ್ದೆ. ಆಮೇಲೆ ನಾನೇ ಅದಕ್ಕೆ ಹಾಲು ಹಾಕತೊಡಗಿದೆ, ಆ ಮಾತು ಬೇರೆ. ಒಂದೂವರೆ ವರ್ಷ ತುಂಬಿದ್ದ ಕಂದು ಬಣ್ಣದ ನಾಯಿ, ಕಾಲಲ್ಲಿ ಚಕ್ರ ಕಟ್ಟಿದ ಹಾಗೆ ತಿರುಗುತ್ತಿತ್ತು. ಇವರ ಜೊತೆ ಓಡಲು ಅದಕ್ಕಿಂತ ಬೇರೆ ಯಾರು ಬೇಕು?

ಬೆಳಿಗ್ಗೆ ಐದೂವರೆಗೆ ಹೊರಟೆವು. ಮುಂದೆ ಸ್ಟೆಪ್ನಿ, ಅದರ ಹಗ್ಗ ಹಿಡಿದು ಇವರು, ಎಲ್ಲಿ ಬಿದ್ದುಬಿಡುತ್ತಾರೋ ಎಂದು ಹಿಂದೆ ಸೈಕಲ್ ಮೇಲೆ ನಾನು. ದಾರಿ ಯಾವುದು ಅಂದುಕೊಂಡಿರಿ? ಅದೇ ಹದಿನಾಲ್ಕನೇ ನಂಬರಿನ ದಾರಿ, ಮನೆಯಿಂದ ಆರು ಸ್ಟಾಪು. ಬೇರೆ ರಸ್ತೆಯ ಗುಂಡಿಗಳು ತಮಗೆ ಗೊತ್ತಿಲ್ಲವಂತೆ.

ಮೊದಲ ಸ್ಟಾಪಿನಲ್ಲೇ ಕಂಬ ಹಿಡಿದು ನಿಂತರು.

"ಯಾಕ್ರೀ ನಿಂತ್ರಿ?"

"ಸ್ಟಾಪ್ ಬಂತಲ್ಲ."

"ಬಸ್ಸೆಲ್ಲಿದೆ?"

"ಅಭ್ಯಾಸ ಕಣೇ" ಎಂದರು. ಅಷ್ಟು ಹೇಳಲು ಎರಡು ಸಲ ಉಸಿರೆಳೆದುಕೊಂಡರು.

ಅಭ್ಯಾಸವೂ ಅಲ್ಲ, ಮಣ್ಣೂ ಅಲ್ಲ, ಉಸಿರು ಸಿಗುತ್ತಿರಲಿಲ್ಲ. ನನಗೆ ಅಯ್ಯೋ ಪಾಪ ಅನ್ನಿಸಿತು. ಅವರ ಮಾನ ಉಳಿಯಲಿ ಎಂದು ನಾನೇ ಕಂಡಕ್ಟರ್ ಆದೆ. ಸ್ಟಾಪ್ ಹತ್ತಿರ ಬಂದ ಕೂಡಲೇ "ಹೋಲ್ಡಾನ್" ಎಂದು ನಿಲ್ಲಿಸುವುದು, ಅವರ ಎದೆಬಡಿತ ಇಳಿದ ಮೇಲೆ "ರೈಟ್" ಎಂದು ಬಿಡುವುದು. ವಾರದೊಳಗೆ ಸ್ಟೆಪ್ನಿಯೂ ಕಲಿಯಿತು. ಸ್ಟಾಪ್ ಕಂಡರೆ ತಾನಾಗಿ ಕೂರುತ್ತಿತ್ತು, ರೈಟ್ ಎಂದರೆ ಏಳುತ್ತಿತ್ತು. ಬಸ್ಸಿಗೆ ಕಾಯುವವರು ನಗುತ್ತಿದ್ದರು, ನಾವೂ ನಗುತ್ತಿದ್ದೆವು. ಎಷ್ಟು ಚೆಂದದ ಬೆಳಗುಗಳು ಅವು. ಓಡುತ್ತಿದ್ದೇವೆ ಎಂದುಕೊಂಡಿದ್ದೆವು, ನಿಲ್ಲುವುದನ್ನು ಕಲಿಯುತ್ತಿದ್ದೆವು.

ಪರೀಕ್ಷೆಯ ದಿನ ನಾನು ಸ್ಟೆಪ್ನಿಯನ್ನು ಹಿಡಿದುಕೊಂಡು ಡಿಪೋ ಗೇಟಿನಲ್ಲಿ ನಿಂತಿದ್ದೆ. ಅಂಗಳದ ಮೂಲೆಯಲ್ಲಿ ಯಾವ ಕಾಲದ್ದೋ ಒಂದು ಬಸ್ ಸ್ಟಾಪಿನ ಬೋರ್ಡು ನಿಂತಿತ್ತು. ಮೊದಲ ಸುತ್ತಿನಲ್ಲಿ ಇವರು ಅದರ ಕೆಳಗೆ ಬಂದವರೇ, ಏದುಸಿರೂ ಇಲ್ಲದೆ ಗಕ್ಕನೆ ನಿಂತರು. ನಿಂತು, ತಿರುಗಿ ನನ್ನ ಮುಖ ನೋಡಿದರು. ಪುಣ್ಯಾತ್ಮ ನನ್ನ "ರೈಟ್"ಗೆ ಕಾಯುತ್ತಿದ್ದರು.

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. ಇವರ ಇಷ್ಟು ವರ್ಷದ ಸರ್ವಿಸ್ ನೋಡಿ ಇನ್ನೊಂದೇ ತಿಂಗಳು ಕೊಟ್ಟರು. ಅಲ್ಲಿಯವರೆಗೆ ಗೇಟು.

ಮಾರನೆಯ ದಿನದಿಂದ ಓಟ ಬಂದ್. ಡ್ಯೂಟಿ ಮುಗಿಸಿ ಬಂದವರು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದರು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಅವರನ್ನು ಕೆಡಿಸಿದವಳು ನಾನೇ ಎಂಬುದು ಮಷಿನ್ ತುಳಿಯುವಾಗಲೆಲ್ಲ ಎದೆಗೆ ಚುಚ್ಚುತ್ತಿತ್ತು.

ನಾಲ್ಕನೇ ದಿನ ಬೆಳಿಗ್ಗೆ ಸ್ಟೆಪ್ನಿ ಮನೆಯಲ್ಲಿರಲಿಲ್ಲ. ಹುಡುಕುತ್ತಿರುವಾಗ ಪೇಪರ್ ಹಾಕುವವರು ಸೈಕಲ್ ನಿಲ್ಲಿಸಿದರು.

"ಅಕ್ಕಾ, ನಿಮ್ಮ ನಾಯಿ ಎರಡನೇ ಸ್ಟಾಪಲ್ಲಿ ಕೂತ್ಬಿಟ್ಟಿದೆ. ಜನ ಬಸ್ ಹತ್ತೋಕಾಗ್ತಿಲ್ಲ. ಎಬ್ಬಿಸಿದ್ರೆ ಏಳಲ್ಲ."

ಮೊದಲ ಸ್ಟಾಪಿನಲ್ಲಿ ಹಾಲಿನವರು ತಮಾಷೆಗೆ ರೈಟ್ ಎಂದಿದ್ದರಂತೆ. ಎರಡನೆಯದರಲ್ಲಿ ಹೇಳುವವರು ಸಿಕ್ಕಿರಲಿಲ್ಲ.

ಇವರು ಬನಿಯನ್ನಿನಲ್ಲೇ ಬಂದರು. ಹಗ್ಗ ಕಟ್ಟಿ ಎಳೆದರು, ಬೈದರು, ಮುದ್ದು ಮಾಡಿದರು. ಅದು ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ನನ್ನ ಕಡೆ ತಿರುಗಿ, "ನೀನೇ ಹೇಳು ಮಾರಾಯ್ತಿ" ಎಂದರು.

"ರೈಟ್" ಎಂದೆ.

ಸ್ಟೆಪ್ನಿ ಎದ್ದದ್ದೇ ತಡ, ಓಟ ಕಿತ್ತಿತು. ಹಗ್ಗ ಇವರ ಕೈಗೆ ಸುತ್ತಿಕೊಂಡಿತ್ತು, ಆದ್ದರಿಂದ ಇವರೂ ಓಡಿದರು. ನಾನು ಸೈಕಲ್ ಹತ್ತಿ ಬೆನ್ನು ಹಿಡಿದೆ. ಮೂರನೇ ಸ್ಟಾಪ್ ಕಾಣಿಸಿತು. ನಾಯಿಯ ಹಿಂಗಾಲು ಬಗ್ಗತೊಡಗಿತ್ತು, ಇವರ ನಡೆಯೂ ನಿಧಾನವಾಗುತ್ತಿತ್ತು. ಅಷ್ಟರಲ್ಲಿ ಅದೆಲ್ಲಿತ್ತೋ, ನನ್ನ ಬಾಯಿಗೆ ಬಂತು.

"ಇಳಿಯೋರಿಲ್ಲ, ರೈಟ್."

ಯಾರೂ ಇಳಿಯುವವರಿಲ್ಲದಿದ್ದರೆ ಕಂಡಕ್ಟರ್ ಸ್ಟಾಪಿಗೆ ಮೊದಲೇ ಹೀಗೆ ಕೂಗುತ್ತಾನೆ, ಡ್ರೈವರ್ ಬ್ರೇಕ್ ಮುಟ್ಟದೆ ಹೋಗುತ್ತಾನೆ. ಇವರ ಕಾಲಿಗೆ ಆ ಮಾತು ಇಪ್ಪತ್ತು ವರ್ಷದ ಪರಿಚಯ. ನಿಲ್ಲಲಿಲ್ಲ. ಅರ್ಧ ಕೂತಿದ್ದ ಸ್ಟೆಪ್ನಿ ಒಮ್ಮೆ ನನ್ನನ್ನು ನೋಡಿ, ಇದ್ಯಾವ ಹೊಸ ಕಾನೂನು ಎಂಬಂತೆ ಎದ್ದು ಓಡಿತು. ಆರನೇ ಸ್ಟಾಪಿನ ಬೆಂಚಿನವರೆಗೂ ಮೂವರೂ ನಿಲ್ಲಲಿಲ್ಲ.

ಅಲ್ಲಿ ಕೂತು ಏದುಸಿರು ಬಿಡುತ್ತಾ ನಕ್ಕರು, ಕಣ್ಣಲ್ಲಿ ನೀರೂ ಇತ್ತು. "ಇಷ್ಟ್ ದಿನ ಎಲ್ಲಿಟ್ಟಿದ್ದೆ ಇದನ್ನ?"

"ನೀವೆಲ್ಲಿ ಕೇಳಿದ್ರಿ?" ಎಂದೆ. ನನಗೂ ಅಳು ಬರುತ್ತಿತ್ತು, ತೋರಿಸಿಕೊಳ್ಳಲಿಲ್ಲ.

ಎರಡನೇ ಪರೀಕ್ಷೆಯಲ್ಲಿ ಹತ್ತು ಸುತ್ತಿಗೂ ನಾನು ಗೇಟಿನಿಂದ ಕೂಗಿದೆ. ಆರನೇ ಸುತ್ತಿನ ಹೊತ್ತಿಗೆ ಡಿಪೋದ ಕಂಡಕ್ಟರುಗಳೆಲ್ಲ ದನಿ ಸೇರಿಸಿದ್ದರು. "ಅಮ್ಮಾ, ಇನ್ನು ಸುಮ್ನಿರಿ, ಕಿವಿ ಹೋಗ್ತಿದೆ" ಎಂದು ಡಾಕ್ಟರು ಸಹಿ ಹಾಕಿದರು. ಆ ವಾರ ನಾನು ಪ್ಯಾಂಟನ್ನು ಎರಡಿಂಚು ಹಿಡಿದು ಹೊಲಿದೆ.

ಆಮೇಲಿನ ಹನ್ನೊಂದು ವರ್ಷ ಅವರು ಸ್ಟೀರಿಂಗ್ ಹಿಡಿದದ್ದು ಆ ನಾಯಿಯ ದಯೆಯಿಂದ. ಒಂದು ಬೆಳಗೂ ಓಟ ತಪ್ಪಿಸಲಿಲ್ಲ. ನಿವೃತ್ತಿಯ ಹೊತ್ತಿಗೆ ಓಟ ನಡಿಗೆಯಾಗಿತ್ತು, ಸ್ಟೆಪ್ನಿಯ ಮೂತಿ ಬೆಳ್ಳಗಾಗಿತ್ತು, ನಾನು ಸೈಕಲ್ಲನ್ನು ತಳ್ಳಿಕೊಂಡು ಬರುತ್ತಿದ್ದೆ. ಆದರೂ ಪ್ರತಿ ಸ್ಟಾಪಿಗೂ ಕೂಗು ಇರಲೇಬೇಕು.

ಆ ವರ್ಷವೇ ಒಂದು ಬೆಳಿಗ್ಗೆ ನಾಲ್ಕನೇ ಸ್ಟಾಪಿನಲ್ಲಿ ಸ್ಟೆಪ್ನಿ ಕೂತಿತು.

"ಇಳಿಯೋರಿಲ್ಲ, ರೈಟ್" ಎಂದೆ.

ಅದು ಬಾಲವನ್ನಷ್ಟೇ ಅಲ್ಲಾಡಿಸಿ ಮಲಗಿಕೊಂಡಿತು. ನಾನು ಇನ್ನೊಮ್ಮೆ, ಸ್ವಲ್ಪ ಜೋರಾಗಿ ಹೇಳಿದೆ. ಇವರು ಮಂಡಿಯೂರಿ ಅದರ ಎದೆಯ ಮೇಲೆ ಕೈಯಿಟ್ಟರು.

"ಬೇಡ ಕಣೇ" ಎಂದರು. "ಇಳಿಯೋರಿದ್ದಾರೆ. ಹೋಲ್ಡಾನ್ ಹೇಳು."

ನಾನು ಹೇಳಿದೆ. ಹದಿನಾಲ್ಕನೇ ನಂಬರ್ ಬಂತು, ನಿಂತಿತು, ಹೋಯಿತು. ನಾವು ಬಹಳ ಹೊತ್ತು ಅಲ್ಲೇ ಕೂತಿದ್ದೆವು.