ಫೋನಿನೊಳಗಿನ ಬ್ಯಾಂಡು

ಪಾಂಡವಪುರದ ನಮ್ಮ ಪಕ್ಕದ ಮನೆಯ ಯಜಮಾನರಿಗೆ ಹಳೆಯ ಇಂಗ್ಲಿಷ್ ರಾಕ್ ಹಾಡುಗಳ ಹುಚ್ಚು. ಡ್ರಮ್ಮಿನವನು, ಹಾಡುವವನು ಎಲ್ಲ ಫೋನಿನೊಳಗೇ. ಟ್ರ್ಯಾಕಿನಲ್ಲಿ ಗಿಟಾರನ್ನಷ್ಟೇ ಆಫ್ ಮಾಡಿ, ಆ ಜಾಗವನ್ನು ತಮ್ಮ ಗಿಟಾರಿನಿಂದ ತಾವು ತುಂಬುತ್ತಿದ್ದರು. ಜೊತೆಗೆ ಯಾರೂ ಬೇಡವೇ ಎಂದು ಕೇಳಿದಾಗಲೆಲ್ಲ ನನಗೆ ಒಂದೇ ಉತ್ತರ: "ಮನುಸ್ರಾದ್ರೆ ಊಟ ಕೇಳ್ತಾರೆ ಕಣ್ಲಾ."

ಅರಕೆರೆಯ ಒಂದು ಆರತಕ್ಷತೆಯಲ್ಲಿ ಕಣ್ಣು ಮುಚ್ಚಿ, ಇಲ್ಲದ ಕೂದಲು ಕೊಡವಿ ನುಡಿಸುತ್ತಿದ್ದರು. ಹಾಡಿನ ನಡುವೆಯೇ ಹೆಣ್ಣಿನ ತಂದೆ ತಾಂಬೂಲ ತಂದರು. ಒಂದೇ ಕೈಯಲ್ಲಿ ಇಸ್ಕೊಂಡರೆ ಮರ್ಯಾದೆಯೇ? ಎರಡೂ ಕೈಯೊಡ್ಡಿದರು. ಗಿಟಾರ್ ಮಾತ್ರ ನಿಲ್ಲಲಿಲ್ಲ, ಇನ್ನೂ ಚೆನ್ನಾಗಿ ಮೊಳಗಿತು. ಅಂದು ಫೋನಿನ ಗಿಟಾರನ್ನು ಆಫ್ ಮಾಡುವುದನ್ನೇ ಮರೆತಿದ್ದರು.

ಇಡೀ ಚಪ್ಪರ ಅವರನ್ನೇ ನೋಡಿತು. ಅವರು ತಾಂಬೂಲದ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, ಮೈಕಿನಲ್ಲಿ ಹೇಳಿದರು: "ಅವ್ನೇ ಬಾರಿಸ್ಲಿ ಬುಡ್ರಪ್ಪಾ, ಊಟ ಕೇಳಾಕಿಲ್ಲ. ನಂಗೊಂದು ಎಲೆ ಹಾಕ್ಸಿ."