ಅಕ್ಕನ ಕ್ಯಾಸೆಟ್

ತೊಂಬತ್ತರ ದಶಕದ ಕೊನೆಗೆ ಮಣಿಪಾಲದ ಒಂದು ಪ್ರೆಸ್ಸಿನ ಪ್ರೂಫ್ ಕೋಣೆಯಲ್ಲಿ ನನ್ನ ಜೊತೆಗಿದ್ದವರು ಕಾಪುವಿನಿಂದ ಬರುತ್ತಿದ್ದ ಒಬ್ಬ ಅಕ್ಕ. ಅವರ ಮನೆಮಾತು ತುಳು. ನಾನು ಗದಗಿನ ಕಡೆಯವಳು, ತುಳು ಬಾರದು, ಹಾಗಾಗಿ ನಮ್ಮ ಮಾತೆಲ್ಲ ಕನ್ನಡದಲ್ಲೇ. ಅವರು ಮೂಲಪ್ರತಿಯನ್ನು ಗಟ್ಟಿಯಾಗಿ ಓದಬೇಕು, ನಾನು ಅಚ್ಚಿನ ಹಾಳೆಯಲ್ಲಿ ತಪ್ಪು ಗುರುತು ಹಾಕಬೇಕು. ಇಂಗ್ಲಿಷಿನ ಜೋಡಿಪದ ಬಂದರೆ ಅದನ್ನು ಸೇರಿಸಿ ಬರೆದಿದ್ದಾರೋ ಬಿಡಿಸಿಯೋ ಎಂದು ಕಿವಿಗೆ ತಿಳಿಯುವುದಿಲ್ಲ. ಅದಕ್ಕಾಗಿ ಓದುವವರು ಕೂಡಲೇ, ಸೇರಿಸಿದ್ದರೆ ‘ಒಂದು’, ಬಿಡಿಸಿದ್ದರೆ ‘ಎರಡು’ ಎನ್ನುವುದು ನಮ್ಮ ಕೋಣೆಯ ಪದ್ಧತಿ. ನೋಟ್‌ಬುಕ್, ಒಂದು. ಸ್ಕೂಲ್ ಬಸ್, ಎರಡು. ಇಂಗ್ಲಿಷಿನಲ್ಲಿ ಯಾವುದನ್ನು ಸೇರಿಸಬೇಕು, ಯಾವುದನ್ನು ಬಿಡಿಸಬೇಕು ಎಂಬುದಕ್ಕೆ ನಿಯಮವೇ ಇಲ್ಲ. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ. ನನಗೆ ಸಿಟ್ಟೇ ಬರುತ್ತಿತ್ತು.

“ನಿನಗೆ ಎಂತ ಹೋಗುವುದು ಮಾರಾಯ್ತಿ? ಅವರ ಭಾಷೆ, ಸೇರಿಸಲಿ, ಬಿಡಿಸಲಿ” ಎಂದು ಅಕ್ಕ ನಗುತ್ತಿದ್ದರು.

ಒಂದು ಮಳೆಗಾಲ ಅವರ ಗಂಟಲು ಕಟ್ಟಿತು. ದಿನವಿಡೀ ಓದುವವರಿಗೆ ಗಂಟಲು ಕಟ್ಟುವುದು ನಮ್ಮಲ್ಲಿ ದೊಡ್ಡ ಸಂಗತಿಯೇ ಅಲ್ಲ. ಮೇಜಿನ ಡ್ರಾಯರಿನಲ್ಲಿ ಕಲ್ಲುಸಕ್ಕರೆ, ಕಾಳುಮೆಣಸು ಯಾವಾಗಲೂ ಇರುತ್ತಿದ್ದವು. ಅವನ್ನೇ ಬಾಯಿಗೆ ಹಾಕಿಕೊಂಡು ಅಕ್ಕ ತಿಂಗಳುಗಟ್ಟಲೆ ಓದಿದರು. ಕೊನೆಗೆ ಆಸ್ಪತ್ರೆಗೆ ಹೋದಾಗ ಗಡ್ಡೆ ಬೆಳೆದಿತ್ತು, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದರು. ಆ ಕಾಳುಮೆಣಸಿನ ಮೇಲೆ ನನಗೆ ಇವತ್ತಿಗೂ ಕೋಪ.

ಅವರ ಮಗಳು ಆಗಿನ್ನೂ ತೊದಲುತ್ತಿದ್ದ ಕೂಸು. “ಅವಳಿಗೆ ನನ್ನ ಸ್ವರ ನೆನಪು ಉಳಿಯುವುದಿಲ್ಲ ಅಲ್ವಾ?” ಎಂದರು ಅಕ್ಕ. ಅವರು ಹೆದರಿದ್ದು ಅದೊಂದಕ್ಕೇ.

ನಾನು ಟೇಪ್‌ರೆಕಾರ್ಡರ್ ತಂದುಕೊಟ್ಟೆ. ಬಾಯಿಗೆ ಬಂದದ್ದು ಹೇಳಲು ಹೋದರೆ ಅಳು ಬರುತ್ತದೆಂದು ಅಕ್ಕ ಒಂದು ಹಾಳೆಯಲ್ಲಿ ಬರೆದುಕೊಂಡರು. ತುಳುವರು ಬರೆಯಲು ಕೂತರೆ ಬರುವುದು ಕನ್ನಡವೇ. ಹಾಳೆ ಕೈಗೆ ಬಂದದ್ದೇ ತಡ, ನಾಲಗೆ ತನ್ನ ಅಭ್ಯಾಸದ ದಾರಿ ಹಿಡಿಯಿತು.

“ಮಗಳೇ, ನಿನ್ನ ಸ್ಕೂಲ್‌ಬ್ಯಾಗ್, ಒಂದು, ನೀನೇ ಹೊರಬೇಕು. ರೈನ್‌ಕೋಟ್, ಒಂದು, ಮರೆಯಬೇಡ. ಬಸ್ ಸ್ಟಾಪ್, ಎರಡು, ಬಂದಾಗ ಅಜ್ಜಿಯ ಕೈ ಬಿಡಬೇಡ.”

ತಿರುಗಿ ಹಾಕಿ ಕೇಳಿದಾಗಲೇ ನಮಗೆ ಗೊತ್ತಾದದ್ದು. ನಕ್ಕು ನಕ್ಕು ಇಬ್ಬರ ಕಣ್ಣಲ್ಲೂ ನೀರು. “ನಾಳೆ ಸರಿಯಾಗಿ ಹೇಳ್ತೇನೆ” ಎಂದರು. ಮರುದಿನ ಅವರ ಬಾಯಿಂದ ಬರೀ ಗಾಳಿ ಬಂತು. ಆಪರೇಷನ್ ಆದ ಮೇಲೆ ಕಾರ್ಕಳದ ತವರಿನಲ್ಲಿದ್ದರು. ಮುಂದಿನ ಮಳೆಗಾಲವನ್ನು ಅವರು ನೋಡಲಿಲ್ಲ.

ಹುಡುಗಿ ಶಾಲೆಗೆ ಹೋಗುವಷ್ಟು ದೊಡ್ಡವಳಾದ ಮೇಲೆ ಒಮ್ಮೆ ಕಾಪುವಿನ ಅವರ ಮನೆಗೆ ಹೋಗಿದ್ದೆ. ಅಮ್ಮನ ಸ್ವರವೆಂದು ಅವಳ ಬಳಿ ಇದ್ದದ್ದು ಆ ಕ್ಯಾಸೆಟ್ ಒಂದೇ. ಉಡುಪಿಯ ಸ್ಟುಡಿಯೋದಲ್ಲಿ ಬೇಡದ ಮಾತನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ ಕೊಡುತ್ತಾರೆಂದು ಕೇಳಿದ್ದೆ. “ಆ ಒಂದು, ಎರಡು ಎಲ್ಲ ತೆಗೆಸಿ ತರಲಾ?” ಎಂದೆ.

ಹುಡುಗಿ ನನ್ನ ಮುಖ ನೋಡಿದಳು. “ಯಾಕೆ ಆಂಟಿ? ಅಮ್ಮ ಮಾತಾಡುವುದೇ ಹಾಗೆ ಅಲ್ವಾ?”

“ಹೌದು ಮಗಾ, ಹಾಗೆಯೇ” ಎಂದೆ.

ಪ್ರೆಸ್ಸಿನ ಫೋನಿನಲ್ಲಿ ಅಕ್ಕ ಈ ಮಗುವನ್ನು ತುಳುವಿನಲ್ಲಿ ಮುದ್ದಾಡುತ್ತಿದ್ದುದನ್ನು ನಾನು ದಿನಾ ಕೇಳಿದ್ದೇನೆ. ಆ ರಾಗ ಈಗಲೂ ನನ್ನ ಕಿವಿಯಲ್ಲಿ ಉಂಟು. ಅವಳಿಗೆ ಹೇಳೋಣವೆಂದರೆ ಮಾತು ಮಾತ್ರ ಒಂದೂ ನನಗೆ ಅರ್ಥವಾಗಿರಲಿಲ್ಲ.